ಜಿಂಕೆಗೆ ಕಾಣದ ಅಂಗಿ ಯಾರಿಗೆ ಬೇಕು?

ಹೋದ ತಿಂಗಳು ಗುಬ್ಬಿ ಸಂತೆಯಲ್ಲಿ ಒಬ್ಬ ಹುಡುಗ ಪ್ಯಾಂಟು ಆರಿಸುತ್ತಿದ್ದ. ಇಪ್ಪತ್ತು ದಾಟಿರಲಿಕ್ಕಿಲ್ಲ. ಅಂಗಡಿಯವರು ಮಿಲಿಟರಿ ಡಿಸೈನಿನದೇ ಎರಡು ಥರ ತೋರಿಸಿದರು, ಒಂದು ಕಡು ಹಸಿರು, ಇನ್ನೊಂದು ಮಣ್ಣಿನ ಬಣ್ಣ. ಹುಡುಗ ಎರಡನ್ನೂ ಬೆಳಕಿಗೆ ಹಿಡಿದು ನೋಡಿ, “ಅಣ್ಣ, ದುರ್ಗದ ಕಾಡಿಗೆ ಯಾವುದು ಹಾಕ್ಕೊಂಡ್ರೆ ಜಿಂಕೆಗೆ ಗೊತ್ತಾಗಲ್ಲ?” ಅಂದ. ಅಂಗಡಿಯವರು ನಕ್ಕು, “ಯಾವುದು ಹಾಕ್ಕೊಂಡ್ರೂ ಗೊತ್ತಾಗಲ್ಲ ಕಣಪ್ಪ, ಮುನ್ನೂರೈವತ್ತು ಕೊಡು” ಅಂದರು. ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತಾ ನಿಂತಿದ್ದ ನಮಗೂ ನಗು ಬಂತು. ಬಸ್ಸು ಹತ್ತಿದ ಮೇಲೆ ಆ ನಗು ಉಳಿಯಲಿಲ್ಲ.

ಅವನು ತಮಾಷೆಗೆ ಕೇಳಿದ್ದರೆ ಒಳ್ಳೆಯದೇ. ಆದರೆ ಇಂಥ ಮಾತು ನಮ್ಮ ಊರುಗಳಲ್ಲಿ ತಮಾಷೆಯಾಗಿ ಶುರುವಾಗಿ, ಒಂದು ರಾತ್ರಿ ಮೂರು ಬೈಕು, ಎರಡು ತಲೆ ಬ್ಯಾಟರಿ, ಒಂದು ನಾಡ ಬಂದೂಕಿನಲ್ಲಿ ಮುಗಿಯುವುದನ್ನು ನೀವೂ ಬಲ್ಲಿರಿ. ಅದಕ್ಕೇ ಆ ಹುಡುಗನ ಪ್ರಶ್ನೆಗೆ ಮೊದಲು ಸರಿಯಾದ ಉತ್ತರ ಕೊಡೋಣ. ಜಗಳ ಆಮೇಲೆ.

ನಮ್ಮ ಕಣ್ಣಲ್ಲಿ ಬಣ್ಣ ಹಿಡಿಯುವ ಕೋಶಗಳು ಮೂರು ಬಗೆ. ಜಿಂಕೆಗೆ ಎರಡೇ. ಕೆಂಪು, ಕಿತ್ತಳೆ, ಹಸಿರು ಇವೆಲ್ಲ ಅದಕ್ಕೆ ಹೆಚ್ಚುಕಮ್ಮಿ ಒಂದೇ ಮಬ್ಬು ಬಣ್ಣ. ಹುಲಿ ಅಷ್ಟು ಕಿತ್ತಳೆ ಇದ್ದೂ ಹುಲ್ಲಿನಲ್ಲಿ ಕೂತು ಹೊಟ್ಟೆ ತುಂಬಿಸಿಕೊಳ್ಳುವುದು ಹೀಗೆ. ನಮಗೆ ಕಿತ್ತಳೆ ಕಾಣುವ ಹುಲಿ ಜಿಂಕೆಗೆ ಹುಲ್ಲಿನ ಬಣ್ಣವೇ. ಆದರೆ ನೀಲಿಯನ್ನು ಜಿಂಕೆ ನಮಗಿಂತ ಚುರುಕಾಗಿ ಹಿಡಿಯುತ್ತದೆ. ನಮ್ಮ ಕಣ್ಣಿಗೆ ಬೀಳದ ಅತಿನೇರಳೆ ಬೆಳಕಿನಲ್ಲೂ ಸ್ವಲ್ಪ ಅದಕ್ಕೆ ಕಾಣುತ್ತದೆ. ನಾವು ಬಟ್ಟೆ ತೊಳೆಯುವ ಪುಡಿಯಲ್ಲಿ ‘ಬಿಳುಪು ಹೆಚ್ಚಿಸಲು’ ಹಾಕುವ ಪದಾರ್ಥ ಮಾಡುವ ಕೆಲಸವೇ ಅದು: ಕಾಣದ ಬೆಳಕನ್ನು ಹೀರಿಕೊಂಡು ನೀಲಿಯಾಗಿ ಹೊರಬಿಡುವುದು. ಅಂದರೆ ಸಂತೆಯಲ್ಲಿ ತಂದ ಚುಕ್ಕೆ ಅಂಗಿಯನ್ನು ಅಮ್ಮ ಎರಡು ಸಲ ಪುಡಿ ಹಾಕಿ ಒಗೆದರೆ, ಮುಸ್ಸಂಜೆಯಲ್ಲಿ ಹುಡುಗ ಜಿಂಕೆಯ ಕಣ್ಣಿಗೆ ಮಿಣುಕುತ್ತಾ ನಿಂತಿರುತ್ತಾನೆ. ಮುನ್ನೂರೈವತ್ತು ರೂಪಾಯಿ ಅಲ್ಲಿಗೆ ನೀರಿಗೆ ಹೋಯಿತು.

ಬಣ್ಣವೂ ಆಮೇಲಿನ ಮಾತು. ಜಿಂಕೆ ಮೊದಲು ಹಿಡಿಯುವುದು ಅಲುಗಾಟವನ್ನು. ಅದರ ಕಣ್ಣು ತಲೆಯ ಎರಡು ಪಕ್ಕಕ್ಕಿವೆ, ಹಿಂದಿನ ಒಂದಿಷ್ಟು ಜಾಗ ಬಿಟ್ಟರೆ ಸುತ್ತಲೂ ಕಾಣುತ್ತದೆ. ಅದಕ್ಕೂ ಮೊದಲು ಮೂಗು. ಗಾಳಿ ನಿಮ್ಮ ಬೆನ್ನಿಂದ ಬೀಸುತ್ತಿದ್ದರೆ ಯಾವ ದೇಶದ ಅಂಗಿ ಹಾಕಿದರೂ ನಿಮ್ಮ ಬೀಡಿ, ಬೆವರು, ಬೈಕಿನ ಪೆಟ್ರೋಲು ನಿಮಗಿಂತ ಮುಂಚೆ ಅಲ್ಲಿಗೆ ತಲುಪಿರುತ್ತವೆ. ಮರದ ಮೇಲೆ ಮುಸಿಯ ಇದ್ದರಂತೂ ಮುಗಿಯಿತು. ಮುಸಿಯಕ್ಕೆ ನಮ್ಮ ಹಾಗೇ ಮೂರೂ ಬಣ್ಣ ಕಾಣುತ್ತವೆ, ಅದು ಕೂಗು ಹಾಕಿದರೆ ಕೆಳಗಿನ ಜಿಂಕೆಗಳಿಗೆ ಸಾಕು.

ಇನ್ನು ಆ ಕಡು ಹಸಿರು ಎಲೆಯ ಡಿಸೈನು. ಅದು ಮಳೆ ಬೀಳುವ ದೇಶದ ಎಲೆ. ಫೆಬ್ರವರಿಯಿಂದ ಮೇವರೆಗೆ ದೇವರಾಯನದುರ್ಗದ ಇಳಿಜಾರು ಹೇಗಿರುತ್ತದೆ ಅಂತ ಊರ್ಡಿಗೆರೆ, ದುರ್ಗದಹಳ್ಳಿ ಕಡೆಯವರನ್ನು ಕೇಳಿ. ಒಣಗಿದ ಬಾದೆ ಹುಲ್ಲು, ಬೂದು ಬಂಡೆ, ಎಲೆ ಉದುರಿದ ಕುರುಚಲು. ಅದರ ನಡುವೆ ಕಡು ಹಸಿರು ಅಂಗಿ ಜಾತ್ರೆಯ ಬಾವುಟದ ಹಾಗೆ ಕಾಣುತ್ತದೆ. ಆ ಬೆಟ್ಟಕ್ಕೆ ನಿಜವಾಗಿ ಒಗ್ಗುವ ಬಟ್ಟೆ ಕುರಿ ಕಾಯುವವರ ಕರಿಗಂಬಳಿ. ಅದನ್ನು ಹೊದ್ದವರಿಗೆ ಯಾರಿಂದಲೂ ಬಚ್ಚಿಟ್ಟುಕೊಳ್ಳುವ ಯೋಚನೆ ಇರಲಿಲ್ಲ, ಚಳಿಗೆ ಹೊದ್ದರು ಅಷ್ಟೆ.

ಈಗ ಜಗಳಕ್ಕೆ ಬರೋಣ. ಹಗಲಲ್ಲಿ, ಗಾಳಿಗೆ ಎದುರಾಗಿ, ಒಂದೇ ಕಡೆ ಗಂಟೆಗಟ್ಟಲೆ ಅಲುಗಾಡದೆ ಕೂತು ಬಿಲ್ಲು ಹಿಡಿಯುವವನಿಗೆ ಇಂಥ ಬಟ್ಟೆಯಿಂದ ಏನೋ ಸ್ವಲ್ಪ ಉಪಯೋಗ ಇರಬಹುದು. ನಮ್ಮಲ್ಲಿ ಯಾರು ಹಾಗೆ ಕೂರುತ್ತಾರೆ? ನಮ್ಮ ಕಡೆಯ ಕಳ್ಳಬೇಟೆ ರಾತ್ರಿಯದು. ತಲೆ ಬ್ಯಾಟರಿ ಬಿಟ್ಟು ಜಿಂಕೆಯ ಕಣ್ಣು ಕುಕ್ಕಿಸುತ್ತಾರೆ, ಅದು ಕಕ್ಕಾಬಿಕ್ಕಿಯಾಗಿ ನಿಂತಾಗ ಹೊಡೆಯುತ್ತಾರೆ. ಇಲ್ಲ ಅಂದರೆ ಬೈಕಿನ ಕ್ಲಚ್ ವೈರಿನಲ್ಲಿ ಉರುಳು ಒಡ್ಡಿ ಮನೆಗೆ ಹೋಗಿ ಮಲಗುತ್ತಾರೆ. ಉರುಳಿಗೆ ಅಂಗಿ ಯಾಕೆ? ತಲೆ ಬ್ಯಾಟರಿಯ ಹಿಂದೆ ನಿಂತವನ ಅಂಗಿ ಯಾವ ಬಣ್ಣದ್ದಾದರೇನು?

ಹಾಗಾದರೆ ಈ ಬಟ್ಟೆ ಇಬ್ಬರಿಗಾಗಿ. ಒಬ್ಬರು ಫಾರೆಸ್ಟ್ ಗಾರ್ಡು, ಅವರ ಕಣ್ಣು ತಪ್ಪಿಸಲಿಕ್ಕೆ. ಇನ್ನೊಂದು ಫೋನಿನ ಕ್ಯಾಮೆರಾ, ಅದರ ಕಣ್ಣಿಗೆ ಬೀಳಲಿಕ್ಕೆ. ಎರಡನೆಯದೇ ಹೆಚ್ಚು ಅಂತ ನಮ್ಮ ಅನುಮಾನ.

ಫೋನಿನ ಮಾತು ಬಂದಿದ್ದರಿಂದ ಒಂದು ಸಂಗತಿ ಹೇಳಲೇಬೇಕು. ನಮ್ಮ ಹುಡುಗರು ನೋಡುವ ಅಮೆರಿಕದ ಬೇಟೆ ವಿಡಿಯೊಗಳಲ್ಲಿ ‘ಆ್ಯಕ್ಸಿಸ್ ಡೀರ್’ ಅಂತ ಒಂದು ಬರುತ್ತದೆ. ಅದು ಬೇರೆ ಯಾವುದೂ ಅಲ್ಲ, ನಮ್ಮ ಚುಕ್ಕೆ ಜಿಂಕೆಯೇ. 1930ರ ದಶಕದಲ್ಲಿ ಟೆಕ್ಸಾಸಿಗೆ ತಂದು ಬಿಟ್ಟರು. ಅದಕ್ಕೂ ಮುಂಚೆ, 1860ರ ದಶಕದಲ್ಲಿ, ಹವಾಯಿಯ ರಾಜನಿಗೆ ಉಡುಗೊರೆಯಾಗಿ ಹೋಗಿತ್ತು. ಅಲ್ಲಿ ಅದು ಹೊರಗಿನ ಪ್ರಾಣಿ, ಹೆಚ್ಚಾಗಿ ಬೆಳೆದು ಹುಲ್ಲು, ಗಿಡ ಮುಕ್ಕುತ್ತಿದೆ, ಹಾಗಾಗಿ ಹೊಡೆಯಲು ಅಲ್ಲಿನ ಕಾನೂನು ಬಿಡುತ್ತದೆ. ಗುಬ್ಬಿಯ ಹುಡುಗ ಅದೇ ಚುಕ್ಕೆ, ಅದೇ ಕೊಂಬು ನೋಡಿ, ಅಲ್ಲಿ ಸರಿ ಅಂದಮೇಲೆ ಇಲ್ಲೂ ಸರಿ ಅಂದುಕೊಳ್ಳುತ್ತಾನೆ. ಇಲ್ಲಿ 1972ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಆ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಂದುಕೊಳ್ಳಬೇಡಿ. ಉರುಳು ಒಡ್ಡುವುದು, ಅಟ್ಟುವುದು, ಕೊನೆಗೆ ಪ್ರಯತ್ನ ಪಡುವುದೂ ಬೇಟೆಯೇ.

ಇನ್ನೊಂದನ್ನು ಆ ವಿಡಿಯೊದವರು ಎತ್ತಿ ಹೇಳುವುದಿಲ್ಲ. ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಬಂದೂಕು ಹಿಡಿದು ಜಿಂಕೆ ಬೇಟೆಗೆ ಹೋಗುವವನು ಕಣ್ಣು ಕುಕ್ಕುವ ಕಿತ್ತಳೆ ಅಂಗಿ ಅಥವಾ ಟೋಪಿ ಹಾಕಬೇಕು ಅಂತ ಕಾನೂನೇ ಇದೆ. ಜಿಂಕೆಗೆ ಕಿತ್ತಳೆ ಕಾಣಲ್ಲ, ಮನುಷ್ಯನಿಗೆ ಕಾಣುತ್ತದೆ. ಒಬ್ಬ ಬೇಟೆಗಾರ ಇನ್ನೊಬ್ಬನನ್ನು ಜಿಂಕೆ ಅಂತ ತಿಳಿದು ಹೊಡೆಯಬಾರದು ಅಂತ. ಬೇಟೆಯನ್ನು ಒಪ್ಪಿಕೊಂಡ ದೇಶವೇ ‘ಮನುಷ್ಯರ ಕಣ್ಣಿಗೆ ಕಾಣುವ ಹಾಗೆ ಹೋಗು’ ಅನ್ನುತ್ತದೆ. ನಾವು ಬೇಟೆಯನ್ನು ನಿಷೇಧಿಸಿದವರು ಕಾಣದ ಹಾಗೆ ಹೋಗಲು ಬಟ್ಟೆ ಹುಡುಕುತ್ತಿದ್ದೇವೆ. ಹಂದಿ ಅಂತ ತಿಳಿದು ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ಕೊಡಗು, ಚಿಕ್ಕಮಗಳೂರು, ಹಾಸನದ ಕಡೆಯಿಂದ ಪೇಪರಿನಲ್ಲಿ ಓದುತ್ತಲೇ ಇದ್ದೇವೆ. ದುರ್ಗದ ಕಾಡು ಖಾಲಿ ಕಾಡೂ ಅಲ್ಲ. ಬೆಳಗಿನ ಜಾವ ಸೌದೆಗೆ ಹೋಗುವ ಅಜ್ಜಿಯರು, ಹುಣಸೆಹಣ್ಣು, ಸೀಗೆಕಾಯಿ ಆಯುವವರು, ದನ ತಪ್ಪಿಸಿಕೊಂಡು ಹುಡುಕುವವರು, ಯೋಗಾನರಸಿಂಹನ ಬೆಟ್ಟ ಹತ್ತುವವರು, ಎಲ್ಲರೂ ಅಲ್ಲೇ ಇರುತ್ತಾರೆ. ಇವರಲ್ಲಿ ಯಾರೂ ಕಿತ್ತಳೆ ಟೋಪಿ ಹಾಕಿಕೊಂಡು ಹೋಗುವುದಿಲ್ಲ.

ಶಿಕ್ಷೆಯ ಲೆಕ್ಕ ಬೇಗ ಹೇಳಿಬಿಡುತ್ತೇವೆ. 2022ರ ತಿದ್ದುಪಡಿಯಾದ ಮೇಲೆ ಸಾಮಾನ್ಯ ಅಪರಾಧಕ್ಕೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಕೃಷ್ಣಮೃಗದಂಥ ಮೊದಲನೇ ಪಟ್ಟಿಯ ಪ್ರಾಣಿಯಾದರೆ ಮೂರಕ್ಕೆ ಕಡಿಮೆ ಇಲ್ಲ, ಏಳು ವರ್ಷದವರೆಗೆ. ಮಧುಗಿರಿ ತಾಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಕ್ಕೇ ಅಂತ ಮೀಸಲು ಪ್ರದೇಶ ಇರುವುದು ನಮ್ಮ ಜಿಲ್ಲೆಯವರಿಗೆ ಗೊತ್ತಿರಲಿ. 1998ರಲ್ಲಿ ಕೃಷ್ಣಮೃಗ ಹೊಡೆದ ಕೇಸಿನಲ್ಲಿ ಸಲ್ಮಾನ್ ಖಾನ್‌ಗೆ 2018ರಲ್ಲಿ ಜೋಧಪುರದ ಕೋರ್ಟು ಐದು ವರ್ಷ ಶಿಕ್ಷೆ ಹೇಳಿತು. ಜಾಮೀನು, ದೊಡ್ಡ ವಕೀಲರು, ಇಪ್ಪತ್ತು ವರ್ಷದ ಅಲೆದಾಟ, ಅದೆಲ್ಲ ಅವರಿಗೆ ನಡೆಯುತ್ತದೆ. ನಿಮ್ಮ ಮಗನ ಬೈಕು ಮಾತ್ರ, ಕಂತು ಇನ್ನೂ ಮುಗಿದಿರದಿದ್ದರೂ, ಆ ಕಾಯ್ದೆಯ ಪ್ರಕಾರ ಸರ್ಕಾರದ ಸ್ವತ್ತಾಗುತ್ತದೆ. ಬಂದೂಕಿಗೆ ಲೈಸೆನ್ಸ್ ಇಲ್ಲದಿದ್ದರೆ ಅದಕ್ಕೆ ಇನ್ನೊಂದು ಕೇಸು.

ನಮಗೆ ಹೆಚ್ಚು ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಈ ಚುಕ್ಕೆ ಅಂಗಿಯನ್ನು ಆಸೆಪಟ್ಟು ಕೊಳ್ಳುವವರಲ್ಲಿ ಅರ್ಧ ಜನ ಮಿಲಿಟರಿಗೋ ಪೊಲೀಸಿಗೋ ಸೇರಬೇಕು ಅಂತ ಬೆಳಿಗ್ಗೆ ಐದಕ್ಕೆದ್ದು ರೋಡಿನಲ್ಲಿ ಓಡುವ ಹುಡುಗರು. ಓಡುವಾಗ ಹಾಕಿಕೊಳ್ಳುವುದೂ ಇದೇ ಟೀ ಶರ್ಟು. ಕೆಲಸ ಸಿಕ್ಕರೆ ಪೊಲೀಸ್ ವೆರಿಫಿಕೇಶನ್ ಬರುತ್ತದೆ. ಅಲ್ಲಿ ಒಂದು ಕಾಡುಪ್ರಾಣಿ ಕೇಸು ಇದ್ದರೆ ಓಡಿದ್ದೆಲ್ಲ ವ್ಯರ್ಥ. ಒಂದು ರಾತ್ರಿಯ ಬಾಡಿನ ಆಸೆಗೆ, ಹತ್ತು ಸೆಕೆಂಡಿನ ರೀಲ್ಸಿಗೆ, ನಿಜವಾದ ಯೂನಿಫಾರ್ಮನ್ನೇ ಕಳೆದುಕೊಳ್ಳುವುದು.

ಅದರ ಮೇಲೆ ಸೈನ್ಯದವರದೂ ಒಂದು ತಕರಾರು ಇದೆ. 2016ರಲ್ಲಿ ಪಠಾಣ್‌ಕೋಟ್ ದಾಳಿ ಆದ ಮೇಲೆ, ಸೈನ್ಯದ ಬಟ್ಟೆಯ ಹಾಗೆ ಕಾಣುವುದನ್ನು ಸಾರ್ವಜನಿಕರು ಹಾಕಬೇಡಿ, ಅಂಗಡಿಯವರು ಮಾರಬೇಡಿ ಅಂತ ಸೈನ್ಯವೇ ಕೇಳಿಕೊಂಡಿತು. 2022ರ ಜನವರಿಯಲ್ಲಿ ತೋರಿಸಿದ ಹೊಸ ಯೂನಿಫಾರ್ಮಿನ ಡಿಸೈನನ್ನು ಅವರು ತಮ್ಮ ಹೆಸರಿಗೆ ನೋಂದಾಯಿಸಿಕೊಂಡಿದ್ದಾರೆ. ಸೈನಿಕ ಅಂತ ನಂಬಿಸಲು ಅಂಥ ಬಟ್ಟೆ ತೊಟ್ಟರೆ ಅದೂ ಅಪರಾಧ. ಸಂತೆಯ ಪ್ಯಾಂಟು ಹಾಕಿದವನನ್ನೆಲ್ಲ ಹಿಡಿಯಿರಿ ಅಂತ ನಾವು ಹೇಳುತ್ತಿಲ್ಲ. ಹೊಲದ ಕೆಲಸಕ್ಕೆ ಗಟ್ಟಿ ಬಟ್ಟೆ, ಕೊಳೆ ಕಾಣಲ್ಲ, ಎಷ್ಟೋ ಜನ ಗಾರೆ ಕೆಲಸಕ್ಕೂ ಹಾಕುತ್ತಾರೆ. ಹಕ್ಕಿ ನೋಡುವವರೂ ಹಾಕುತ್ತಾರೆ. ದುರ್ಗದಲ್ಲಿ ಹಳದಿ ಕತ್ತಿನ ಪಿಕಳಾರ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಅವರ ಕೈಯಲ್ಲಿರುವುದು ಬರೀ ದುರ್ಬೀನು. ತಕರಾರು ಬಟ್ಟೆಯ ಮೇಲಿಲ್ಲ, ಅದನ್ನು ಹಾಕಿಕೊಂಡು ಹೊರಡುವ ಕೆಲಸದ ಮೇಲೆ.

“ನಮ್ಮ ತಾತನ ಕಾಲದಿಂದ ಬೇಟೆ ಇದೆ, ವರ್ಷತೊಡಕಿಗೆ ಕಾಡು ನುಗ್ಗುತ್ತಿದ್ದರು” ಅನ್ನುವವರಿದ್ದಾರೆ. ಇದ್ದದ್ದು ನಿಜ. ತಾತನ ಕಾಲದಲ್ಲಿ ಈ ಬೆಟ್ಟದಲ್ಲಿ ಹುಲಿಯೂ ಇತ್ತು. ಕೆನೆತ್ ಆ್ಯಂಡರ್ಸನ್ 1954ರಲ್ಲಿ ಪ್ರಕಟಿಸಿದ ಶಿಕಾರಿ ಪುಸ್ತಕದಲ್ಲಿ ದೇವರಾಯನದುರ್ಗದ ಹುಲಿಗೇ ಒಂದು ಅಧ್ಯಾಯ ಇದೆ. ಇವತ್ತು ಆ ಹುಲಿಯ ಕಥೆ ಇದೆ, ಹುಲಿ ಇಲ್ಲ. ಚುಕ್ಕೆ ಜಿಂಕೆಯನ್ನು ಮಕ್ಕಳಿಗೆ ತೋರಿಸಬೇಕಾದರೆ ನಾಮದ ಚಿಲುಮೆಯ ಜಿಂಕೆವನದ ಬೇಲಿಯ ಹತ್ತಿರ ಕರೆದುಕೊಂಡು ಹೋಗುತ್ತೇವೆ. ತಾತನ ಹಾಗೆ ಬೇಟೆ ಆಡುತ್ತೇವೆ ಅನ್ನುವವರು ತಾತನಷ್ಟು ಕಾಡು ಎಲ್ಲಿದೆ ಅಂತ ತೋರಿಸಲಿ.

ಉಳಿದಿರುವುದು ಚಿರತೆ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ಗುಬ್ಬಿ, ಕುಣಿಗಲ್, ತುಮಕೂರು ತಾಲೂಕಿನ ಊರುಗಳಲ್ಲಿ ಏನಾಯಿತು ಅಂತ ಯಾರಿಗೂ ನೆನಪಿಸಬೇಕಿಲ್ಲ. ಚಿರತೆಯ ಬಾಯಿಗೆ ಚಿಕ್ಕ ಮಕ್ಕಳು ಹೋದರು. ಸಂಜೆ ಆರಕ್ಕೇ ಬಾಗಿಲು ಹಾಕಿಕೊಂಡು ಕೂತಿದ್ದೆವು. ಅದಕ್ಕೆಲ್ಲ ಜಿಂಕೆ ಬೇಟೆಯೇ ಕಾರಣ ಅಂತ ನಾವು ಹೇಳಿದರೆ ಅದು ಸುಳ್ಳು. ಕಲ್ಲು ಕ್ವಾರಿ, ಕರಗುವ ಗೋಮಾಳ, ಊರಂಚಿನ ಕಸಕ್ಕೆ ಬರುವ ನಾಯಿ, ಕಾರಣ ಹಲವು. ಆದರೆ ಕಾಡಿನಲ್ಲಿ ಅದರ ಊಟವಾದ ಜಿಂಕೆ, ಮೊಲ, ಹಂದಿಯನ್ನು ನಾವೇ ಹೊತ್ತು ತಂದರೆ, ಅದು ನಮ್ಮ ನಾಯಿ, ಮೇಕೆ, ಕರುವಿನ ಹಿಂದೆ ಬರುತ್ತದೆ ಅನ್ನುವುದಕ್ಕೆ ಪುಸ್ತಕ ಓದಬೇಕಿಲ್ಲ.

ಬೆಳೆ ಹಾಳಾಗುವ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ರಾಗಿ, ಅವರೆ, ಕಡಲೆಕಾಯಿ ಹಂದಿಯ ಪಾಲಾದಾಗ ರೈತನ ಸಿಟ್ಟು ನ್ಯಾಯವಾದದ್ದು. ಜೀವಕ್ಕೋ ಬೆಳೆಗೋ ಕುತ್ತಾದ ಪ್ರಾಣಿಯ ವಿಷಯದಲ್ಲಿ ಅನುಮತಿ ಕೊಡುವ ದಾರಿ ಅದೇ ಕಾಯ್ದೆಯಲ್ಲಿದೆ, ಬೆಳೆ ಪರಿಹಾರಕ್ಕೂ ಅರ್ಜಿ ಇದೆ. ಪರಿಹಾರ ತಡವಾಗುತ್ತದೆ, ಕಡಿಮೆ ಬರುತ್ತದೆ, ಅದಕ್ಕೆ ನಾವೂ ಕೂಗಾಡೋಣ. ಆದರೆ ಬೆಳೆ ಕಾಯುವವನು ಹೊಲದಲ್ಲಿ ಅಟ್ಟಣೆ ಕಟ್ಟಿ ತಮಟೆ ಬಾರಿಸುತ್ತಾನೆ, ತಾನು ಇಲ್ಲಿದ್ದೇನೆ ಅಂತ ಪ್ರಾಣಿಗೆ ಗೊತ್ತಾಗಲಿ ಅಂತಲೇ. ಕಾಣದ ಅಂಗಿ ಹುಡುಕುವವನದು ಬೇರೆ ವ್ಯವಹಾರ.

ಇನ್ನೊಂದು ಮಾತು, ಇದು ಇಲಾಖೆಯವರಿಗೆ. ಉರುಳು ಒಡ್ಡಿದ ಬಡವನನ್ನು ಹಿಡಿದು ಫೋಟೊ ತೆಗೆಸಿ ಪೇಪರಿಗೆ ಕೊಡುತ್ತೀರಿ. ಆ ಬಾಡನ್ನು ಕಾರಿನಲ್ಲಿ ಬಂದು ಕೊಂಡವನ ಫೋಟೊ ಅಷ್ಟು ಸಲ ನೋಡಿದ ನೆನಪು ನಮಗಿಲ್ಲ. ಕೊಂಡವನೂ ಅದೇ ಕಾಯ್ದೆಯಲ್ಲಿ ಅಪರಾಧಿ. ಅವನಿಗೆ ಚುಕ್ಕೆ ಅಂಗಿಯೂ ಬೇಕಿಲ್ಲ, ಬಿಳಿ ಅಂಗಿಯಲ್ಲೇ ಕಾಣದೆ ಹೋಗುತ್ತಾನೆ.

ನಾಮದ ಚಿಲುಮೆಗೆ ಹೋದವರಿಗೆ ಗೊತ್ತು, ಹಣೆಗೆ ನಾಮ ಇಡಲು ನೀರಿಲ್ಲದೆ ರಾಮ ಬಾಣ ಬಿಟ್ಟ, ಬಂಡೆಯಿಂದ ನೀರು ಚಿಮ್ಮಿತು ಅಂತ ಕಥೆ. ಅದೇ ರಾಮ ಜಿಂಕೆಯ ಹಿಂದೆ ಓಡಿದ ಕಥೆಯೂ ನಮ್ಮ ಅಜ್ಜಿಯರು ಹೇಳಿದ್ದೇ. ಅಲ್ಲಿ ವೇಷ ಹಾಕಿದವನು ಮಾರೀಚ. ಬೆನ್ನು ಹತ್ತಿದವನಿಗೆ ಬಾಡೂ ಸಿಗಲಿಲ್ಲ, ಚರ್ಮವೂ ಸಿಗಲಿಲ್ಲ, ಮನೆಗೆ ಬರುವಷ್ಟರಲ್ಲಿ ಮನೆಯೇ ಖಾಲಿ.

ಆ ಹುಡುಗ ಕೊನೆಗೆ ಮಣ್ಣಿನ ಬಣ್ಣದ್ದೇ ತಗೊಂಡ. ಅವನ ಊರು ಯಾವುದು ಅಂತ ನಾವು ಕೇಳಲಿಲ್ಲ, ಕೇಳಬೇಕಿತ್ತು. ಅವನ ಅಣ್ಣನೋ ಅಕ್ಕನೋ ಇದನ್ನು ಓದುತ್ತಿದ್ದರೆ, ಅವನ ಫೋನಿಗೂ ಕಳಿಸಿ. ದುರ್ಗದ ಕಡೆ ರಾತ್ರಿ ಗುಂಡಿನ ಸದ್ದು ಕೇಳಿದರೆ, ದನ ಮೇಯಿಸುವಾಗ ವೈರಿನ ಉರುಳು ಕಣ್ಣಿಗೆ ಬಿದ್ದರೆ, ಅರಣ್ಯ ಇಲಾಖೆಯ ಸಹಾಯವಾಣಿ 1926. ಆ ಉರುಳಿಗೆ ನಿಮ್ಮ ಹಸುವಿನ ಕಾಲೂ ಸಿಕ್ಕಿಕೊಳ್ಳುತ್ತದೆ.