ಬಾಳೆಚಿಪ್ಪಿನ ಸುತ್ತ ಹಾರುವ ಪುಟ್ಟ ನೊಣ

ಬಾಳೆಚಿಪ್ಪಿನಲ್ಲಿ ಎರಡು ಹಣ್ಣು ಕಳಿತು ಕಪ್ಪಾದರೆ ಸಾಕು, ಸಂಜೆಯೊಳಗೆ ಪುಟ್ಟ ನೊಣಗಳ ಹಾರಾಟ ಶುರು. ಹಲಸಿನ ಕಾಲದಲ್ಲಂತೂ ಕೇಳುವುದೇ ಬೇಡ. ಕಿಟಕಿ ಮುಚ್ಚಿದ್ದರೂ ಬಂದವಲ್ಲ, ಹಣ್ಣಿನೊಳಗೇ ತಾವಾಗಿ ಹುಟ್ಟಿದವೇನೋ ಎಂದು ಅನುಮಾನಿಸುವವರಿದ್ದಾರೆ. ಹಾಗೇನಿಲ್ಲ. ಎರಡು ಮೂರು ಮಿಲಿಮೀಟರ್ ಉದ್ದದ ಈ ಕೆಂಗಣ್ಣಿನ ನೊಣಕ್ಕೆ ಬಾಗಿಲ ಸಂದಿಯೇ ಧಾರಾಳ. ಕೆಲವು ಸಲ ಒಡೆದ ಹಣ್ಣಿನ ಜೊತೆ ಮೊಟ್ಟೆಯೇ ಅಂಗಡಿಯಿಂದ ಮನೆಗೆ ಬಂದಿರುತ್ತದೆ.

ನೊಣವನ್ನು ಕರೆಯುವುದು ಸಿಹಿಗಿಂತ ಹೆಚ್ಚಾಗಿ ಹುಳಿವಾಸನೆ. ಕಳಿತ ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಆಲ್ಕೋಹಾಲ್ ಮಾಡುತ್ತದೆ, ಬ್ಯಾಕ್ಟೀರಿಯಾಗಳು ಅದನ್ನು ವಿನೆಗರ್‌ನ ಆಮ್ಲಕ್ಕೆ ತಿರುಗಿಸುತ್ತವೆ. ಈ ಗಾಳಿ ಕುಡಿಮೀಸೆಗೆ ತಾಗಿದರೆ ನೊಣ ಹಾಜರ್. ಮರಿಹುಳುಗಳ ಮುಖ್ಯ ಆಹಾರವೂ ಆ ಯೀಸ್ಟೇ.

ಹಣ್ಣಿನ ಮೆತ್ತನೆಯ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಅರ್ಧ ಮಿಲಿಮೀಟರಿನ ಬಿಳಿ ಮೊಟ್ಟೆ, ಅದಕ್ಕೆ ಎರಡು ನವಿರು ಎಳೆ. ಮೊಟ್ಟೆ ತಿರುಳಿನಲ್ಲಿ ಹೂತಿದ್ದರೂ ಎಳೆಗಳು ಮೇಲೆ ಚಾಚಿಕೊಂಡು ಉಸಿರಿಗೆ ದಾರಿ ಮಾಡಿಕೊಡುತ್ತವೆ. ಒಂದು ದಿನಕ್ಕೆ ಹುಳು, ನಾಲ್ಕೈದು ದಿನಕ್ಕೆ ಕೋಶ. 25 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಮಾರು 10 ದಿನಕ್ಕೆ ಹೊಸ ನೊಣ. ಒಂದು ಹೆಣ್ಣು ಜೀವಮಾನದಲ್ಲಿ ನೂರಾರು ಮೊಟ್ಟೆ ಇಡುತ್ತದೆ.

ಮಾವಿನ ತೋಟದವರು ಬೈಯುವ ಹಣ್ಣು ನೊಣವೇ ಬೇರೆ. ಅದು ಮರದಲ್ಲಿರುವ ಗಟ್ಟಿ ಹಣ್ಣನ್ನೇ ಚುಚ್ಚಿ ಮೊಟ್ಟೆ ಇಡುತ್ತದೆ. ತೋಟದಲ್ಲಿ ತೂಗುಹಾಕುವ ಮೀಥೈಲ್ ಯೂಜಿನಾಲ್ ಬಲೆ ಅದರ ಗಂಡನ್ನು ಸೆಳೆಯುತ್ತದೆ, ಅಡುಗೆಮನೆಯದನ್ನಲ್ಲ.

ನಮ್ಮ ಈ ನೊಣದ ಹೆಸರು ಡ್ರೊಸೊಫಿಲಾ. 1910ರಲ್ಲಿ ನ್ಯೂಯಾರ್ಕಿನಲ್ಲಿ ಥಾಮಸ್ ಹಂಟ್ ಮಾರ್ಗನ್ ಕಂಡ ಒಂದು ಬಿಳಿಗಣ್ಣಿನ ಗಂಡು ನೊಣದಿಂದ ಆನುವಂಶಿಕತೆಯ ದೊಡ್ಡ ಗುಟ್ಟು ಬಯಲಾಯಿತು, 1933ರಲ್ಲಿ ಅವರಿಗೆ ನೊಬೆಲ್ ಬಂತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದರ ತಳಿಗಳನ್ನು ಸಾಕಿಡುವ ಕೇಂದ್ರವೇ ಇದೆ. ಹಾಗೆಂದು ದೋಸೆಹಿಟ್ಟಿನ ಪಾತ್ರೆಯ ಬಳಿ ಅದಕ್ಕೆ ಗೌರವ ಕೊಡಬೇಕಿಲ್ಲ.

ಊಟದ ಪದಾರ್ಥವಿರುವಲ್ಲಿ ಕೀಟನಾಶಕ ಸಿಂಪಡಿಸುವುದು ನನ್ನ ಮಟ್ಟಿಗೆ ಅವಿವೇಕ. ಹಾರುವುದು ಸಾಯುತ್ತದೆ, ಹಣ್ಣಿನೊಳಗಿನ ಹುಳು ಉಳಿಯುತ್ತದೆ. ಲೋಟದ ತಳಕ್ಕೆ ಸ್ವಲ್ಪ ವಿನೆಗರ್, ಒಂದು ಹನಿ ಪಾತ್ರೆ ತೊಳೆಯುವ ದ್ರಾವಣ ಹಾಕಿಡಿ. ವಾಸನೆಗೆ ಬಂದ ನೊಣ, ಸೋಪು ಬೆರೆತ ವಿನೆಗರ್ ಮೇಲೆ ನಿಲ್ಲಲಾಗದೆ ಮುಳುಗುತ್ತದೆ. ಇದೂ ಅರ್ಧ ಉಪಾಯವೇ. ಕಳಿತ ಹಣ್ಣನ್ನು ಫ್ರಿಜ್ಜಿಗೆ ಸೇರಿಸಿ, ಹಸಿಕಸವನ್ನು ದಿನವೂ ಹೊರಗೆ ಹಾಕಿ, ಒದ್ದೆ ನೆಲಬಟ್ಟೆಯನ್ನು ಮೂಲೆಗೆ ತುರುಕದೆ ಒಣಗಿಸಿ. ಇಷ್ಟು ಮಾಡಿದ ಮೇಲೂ ಒಂದು ವಾರ ನೊಣ ಕಂಡರೆ ಗಾಬರಿ ಬೇಡ, ಅವು ಆಗಲೇ ಕೋಶದಲ್ಲಿದ್ದವು. ಅದಕ್ಕೂ ಮೀರಿ ಬರುತ್ತಿದ್ದರೆ ಈರುಳ್ಳಿ, ಆಲೂಗಡ್ಡೆ ಬುಟ್ಟಿಯನ್ನು ತಳದವರೆಗೆ ಬರಿದು ಮಾಡಿ ನೋಡಿ. ಕೊಳೆತ ಒಂದು ಗಡ್ಡೆ ಅಲ್ಲಿದ್ದೀತು.