ಸಮುದ್ರ ನೋಡೋ ಹಕ್ಕು ನಮಗೂ ಅದ



ಕಾರವಾರದಿಂದ ಮಂಗಳೂರಿನ ತನಕ ಕರಾವಳಿ ಸುತ್ತಿ ಬಂದ ಫೋಟೊ ಹಾಕಿದ್ದೆ. ಇಬ್ಬರು ಮೂವರು ಗೆಳೆಯರು ಕೇಳ್ಯಾರ, "ಅಣ್ಣಾ, ಚಳವಳಿ ಬಿಟ್ಟು ಬೀಚಿಗೆ ಹೋದ್ರೇನು?" ತಮಾಷೆಗೇ ಕೇಳಿರಬಹುದು. ಆದ್ರ ಈ ಪ್ರಶ್ನೆಯೊಳಗ ಒಂದು ಹಳೇ ನಂಬಿಕೆ ಕುಂತದ. ದಲಿತರು ಊರು ಬಿಟ್ಟರ ಒಂದು ದುಡಿಲಾಕ, ಇಲ್ಲಾ ಧರಣಿಗೆ. ಸುಮ್ಮನೆ ನೋಡ್ಲಾಕ ಹೋಗೋದು ಮತ್ಯಾರದೋ ಬಾಬತ್ತು. ಇದನ್ನ ನಾನು ಒಪ್ಪೂದಿಲ್ಲ.

ಟೂರು ಅಂದ್ರ ನಮಗೆ ಹೊಸದಲ್ಲ. 1934ರಲ್ಲಿ ಬಾಬಾಸಾಹೇಬರು ಸುಮಾರು ಮೂವತ್ತು ಜನ ಕಾರ್ಯಕರ್ತರ ಜೊತೆ ವೇರೂಳದ ಬೌದ್ಧ ಗುಹೆ ನೋಡ್ಲಾಕ ಹೊಂಟಿದ್ರು. ದಾರಿಯಲ್ಲಿ ದೌಲತಾಬಾದ್ ಕೋಟೆ ಬಾಗಿಲ ಹತ್ತಿರದ ಹೊಂಡದಲ್ಲಿ ಧೂಳು ತೊಳಕೊಂಡ್ರು. ಹೊಂಡ ಮೈಲಿಗೆ ಆಯ್ತು ಅಂತ ಗಲಾಟೆ ಎದ್ದಿತು. ಕಡೆಗೆ ಒಳಗ ಬಿಟ್ಟರು, ಆದ್ರ ಎಲ್ಲೂ ನೀರು ಮುಟ್ಟಬಾರದು ಅಂತ ಜೊತೆಗೊಬ್ಬ ಬಂದೂಕಿನ ಸಿಪಾಯಿಯನ್ನ ಕಳಿಸಿದ್ರು. ಇದನ್ನ ಅವರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಾರ. ಆಗ ದೌಲತಾಬಾದ್ ನಿಜಾಮನ ರಾಜ್ಯದಲ್ಲಿತ್ತು, ನಮ್ಮ ಕಲಬುರಗಿಯೂ ಅದೇ ರಾಜ್ಯದಲ್ಲಿತ್ತು.

ಈಗ ಸಿಪಾಯಿ ಇಲ್ಲ. ಪ್ರಶ್ನೆ ಅದ.

ಕರಾವಳಿಯ ಒಂದು ಹೋಮ್‌ಸ್ಟೇ ಮುಂದೆ ಸಂಜೆ ಗಾಡಿ ನಿಲ್ಲಿಸಿದ್ವಿ. ಎರಡು ಕುಟುಂಬ, ನಾಲ್ಕು ಮಕ್ಕಳು. ರೂಮ್ ತೋರಿಸಿದ್ರು, ರೇಟು ಹೇಳಿದ್ರು. ಆಮ್ಯಾಲೆ ಮಾಲೀಕರು ನಗುತ್ತಲೇ ಕೇಳಿದ್ರು, "ನೀವು ಯಾವ ಜನ? ತಪ್ಪು ತಿಳೀಬೇಡಿ, ಅಡುಗೆಮನೆ ಒಂದೇ ಉಂಟಲ್ಲ, ಅದಕ್ಕೆ ಕೇಳಿದ್ದು." ನಾವು ಎಸ್ಸಿ ಅಂದೆ. ಒಳಗ ಹೋಗಿ ಬಂದು, ಬೇರೆಯವರ ಬುಕಿಂಗ್ ಇದೆ ಅಂದ್ರು. ಹತ್ತನೇ ಕ್ಲಾಸಿನ ನನ್ನ ಮಗಳು ಗಾಡಿ ಹತ್ತುವಾಗ ಇಷ್ಟೇ ಕೇಳಿದ್ಳು, "ಪಪ್ಪಾ, ಬುಕಿಂಗ್ ಈಗ ಆಯ್ತಾ?"

ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲ್, ಮನರಂಜನೆಯ ಜಾಗಗಳಿಗೆ ಜಾತಿ ಕಾರಣಕ್ಕೆ ಯಾರನ್ನೂ ತಡಿಬಾರದು ಅಂತದ. ರೊಕ್ಕ ತಗೊಂಡು ರೂಮ್ ಕೊಡೋ ಮನಿ ಅಂದಮ್ಯಾಲೆ ಅದು ಬರೇ ಮನಿ ಅಲ್ಲ, ವ್ಯಾಪಾರ. ಹೋಮ್‌ಸ್ಟೇಗಳನ್ನ ನೋಂದಣಿ ಮಾಡೋದು ಪ್ರವಾಸೋದ್ಯಮ ಇಲಾಖೆ. ಜಾತಿ ಕೇಳಿದ್ರ ನೋಂದಣಿ ರದ್ದು ಅಂತ ಒಂದು ಷರತ್ತು ಬರೀರಿ, ಅದನ್ನ ಬಾಗಿಲಿಗೆ ಹಚ್ಚಿಸ್ರಿ. ಇದಕ್ಕೆ ಸರ್ಕಾರದ ರೊಕ್ಕ ಏನೂ ಬೇಕಿಲ್ಲ.

ಹಂಗಂತ ಅವಮಾನ ಒಂದನ್ನೇ ಹೊತ್ತುಕೊಂಡು ಬಂದಿಲ್ಲ. ಜೇವರ್ಗಿ, ಸಿಂದಗಿ, ವಿಜಯಪುರ, ಹುಬ್ಬಳ್ಳಿ ದಾಟಿ ಅರಬೈಲು ಘಟ್ಟ ಇಳಿಯುವಾಗ ಕಪನೂರದ ಇಂಡಸ್ಟ್ರಿಯಲ್ ಏರಿಯಾದ ಹೊಗೆ ಕುಡಿದ ನಮ್ಮ ಎದೆಗೆ ಹಸಿರು ಗಾಳಿ ಬಡಿಯಿತು. ಕಾರವಾರದಲ್ಲಿ ದೋಣಿಯ ಪಕ್ಕಕ್ಕೇ ಡಾಲ್ಫಿನ್ ಬೆನ್ನು ಎತ್ತಿ ಉಸಿರು ಬಿಟ್ಟವು. ಮರವಂತೆಯಲ್ಲಿ ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ನನ್ನ ಹೆಂಡತಿ ಅರ್ಧ ತಾಸು ಮಾತೇ ಆಡಲಿಲ್ಲ. ಆ ಅರ್ಧ ತಾಸಿಗೆ ನಾನು ಯಾರಿಗೂ ಲೆಕ್ಕ ಕೊಡೂದಿಲ್ಲ.

ಆದ್ರ ನಾವು ನೋಡೋ ರೀತಿ ಬ್ಯಾರೆ ಇರಬೇಕು. ಟೂರಿಸ್ಟ್ ಫೋಟೊದಲ್ಲಿ ನೀರು ಇರ್ತದ, ಸೂರ್ಯ ಇರ್ತಾನ, ಮನುಷ್ಯರು ಇರೂದಿಲ್ಲ.

ಹೊನ್ನಾವರದ ಕಾಸರಕೋಡ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಬಂತು. ಅದೇ ಕಾಸರಕೋಡದ ಟೊಂಕದಲ್ಲಿ ಖಾಸಗಿ ಬಂದರು ಬ್ಯಾಡ ಅಂತ ಮೀನುಗಾರರು ವರ್ಷಗಟ್ಟಲೆ ಹೋರಾಡಿಕೋತ ಬಂದಾರ. ಹೆಣ್ಮಕ್ಕಳು ಮೀನು ಒಣಗಿಸೋ ಮರಳು ಅದು. ಆಲಿವ್ ರಿಡ್ಲಿ ಕಡಲಾಮೆ ರಾತ್ರಿ ಬಂದು ನೂರರಷ್ಟು ಮೊಟ್ಟೆ ಇಟ್ಟು ಹೋಗೋ ಮರಳೂ ಅದೇ. ಮರಿ ಹೊರಬರಲಿಕ್ಕೆ ಒಂದೂವರೆ ತಿಂಗಳಿಗಿಂತ ಹೆಚ್ಚು ಬೇಕು. ಬಂದ ಮರಿ ಬೆಳಕು ನೋಡಿ ಸಮುದ್ರದ ದಾರಿ ಹಿಡಿತದ. ದಂಡೆ ಮ್ಯಾಲೆ ದೊಡ್ಡ ಲೈಟು ಹಚ್ಚಿದ್ರ ಉಲ್ಟಾ ನಡೆದು ಸಾಯ್ತದ. ಬಂದರು ಬಂದ್ರ ಆಮೆಯೂ ಹೋಯ್ತು, ಒಣಮೀನಿನ ಬದುಕೂ ಹೋಯ್ತು.

ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ ಸಿಕ್ಕಿತು. ಅದೇ ಕೆಸರಿನಲ್ಲಿ ಸೊಂಟದ ತನಕ ಇಳಿದು ಚಿಪ್ಪಿ ಆರಿಸೋ ಹೆಣ್ಮಕ್ಕಳಿಗೆ ಯಾವ ಪಟ್ಟ? ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ ಹೋದವರು ಯಾರು? ಹೆದ್ದಾರಿ ಬಾಜು ಚಹಾ ಮಾರೋ ಕುಟುಂಬ, ಲಾರಿ ಡ್ರೈವರುಗಳು. ನಮ್ಮ ಗಾಡಿ ಸರ್ರನೆ ಹೋಗಲಿ ಅಂತಲೇ ಗುಡ್ಡ ಕೊರೆದು ರಸ್ತೆ ಅಗಲ ಮಾಡಿದ್ದು, ಅದನ್ನೂ ಮರಿಬಾರದು.

ಉಡುಪಿ, ದಕ್ಷಿಣ ಕನ್ನಡಕ್ಕೆ ಹೋದವರು ಕೊರಗರ ವಿಷಯ ತಿಳಕೊಂಡು ಬರ್ರಿ. ಮ್ಯಾಲಿನವರ ಕೂದಲು, ಉಗುರು ಬೆರೆಸಿದ ಅನ್ನ ತಿನಿಸೋ ಅಜಲು ಪದ್ಧತಿ ನಿಷೇಧಕ್ಕೆ ಕಾಯ್ದೆ ಬಂದದ್ದು 2000ದಲ್ಲಿ. ಬ್ರಿಟಿಷರ ಕಾಲದಲ್ಲಿ ದಲಿತರಿಗಂತ ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿಗೆ ಅಲ್ಲಿನ ನಮ್ಮವರು ಇವತ್ತೂ ಅರ್ಜಿ ಹಿಡಿದು ಅಲೆದಾಡ್ತಾರ. 2016ರ ಅಕ್ಟೋಬರದಲ್ಲಿ ಬೆಂಗಳೂರಿನಿಂದ ಹೊಂಟ 'ಚಲೋ ಉಡುಪಿ' ಜಾಥಾ ಆಹಾರದ ಜೊತೆ ಭೂಮಿಯ ಮಾತನ್ನೂ ಆ ದಂಡೆಗೆ ಒಯ್ದಿತ್ತು. ಅದೂ ನಮ್ಮ ಕರಾವಳಿ ಪ್ರವಾಸವೇ.

ಅದಕ್ಕ ನನ್ನದೊಂದು ಒತ್ತಾಯ. ಸಮಾಜ ಕಲ್ಯಾಣ ಹಾಸ್ಟೆಲಿನ ನಮ್ಮ ಕಲಬುರಗಿ, ಕಮಲಾಪುರದ ಹುಡುಗ ಹುಡುಗಿಯರನ್ನ ವರ್ಷಕ್ಕೊಮ್ಮೆ ಸಮುದ್ರಕ್ಕ ಕರಕೊಂಡು ಹೋಗ್ರಿ. ಗುಡಿ ತೋರಿಸಿ ತಿರುಗಿ ತರಬ್ಯಾಡ್ರಿ. ಆಮೆಯ ಗೂಡು ತೋರಿಸ್ರಿ, ಅಘನಾಶಿನಿ ತೋರಿಸ್ರಿ. ಮಂಗಳೂರಿನಲ್ಲಿ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಸ್ವಂತ ಜಾತಿಯವರ ಬಹಿಷ್ಕಾರ ಉಂಡು ನಮ್ಮ ಮಕ್ಕಳಿಗೆ ಸಾಲಿ ತೆರೆದ ಕುದ್ಮುಲ್ ರಂಗರಾಯರ ಸಮಾಧಿ ತೋರಿಸ್ರಿ.

ಶಕ್ತಿ ಯೋಜನೆ ಬಂದ ಮ್ಯಾಲೆ ನಮ್ಮ ಅವ್ವಂದಿರು, ಅಕ್ಕಂದಿರು ಬಸ್ ಹತ್ತಲಾಕತ್ತಾರ. ಅವರನ್ನ ನೋಡಿ ನಗೋರು ನಗಲಿ. ಹೊಲ, ಮನಿ, ಕೂಲಿ ಬಿಟ್ಟು ಬ್ಯಾರೆ ನೋಡದ ಕಣ್ಣು ಒಮ್ಮೆ ಸಮುದ್ರ ನೋಡಲಿ. ಹೋಗ್ರಿ ಬಂಧುಗಳೇ, ಸಂಕೋಚ ಪಡಬ್ಯಾಡ್ರಿ. ಯಾರಾದ್ರೂ ಜಾತಿ ಕೇಳಿದ್ರ ದನಿ ಎತ್ತಿ ಹೇಳ್ರಿ. ರೂಮ್ ಇಲ್ಲ ಅಂದ್ರ ತಾರೀಖು, ಟೈಮು, ಹೆಸರು ಬರಕೊಂಡು ಇಲಾಖೆಗೂ ಪೊಲೀಸರಿಗೂ ದೂರು ಕೊಡ್ರಿ. ನಾನು ನಮ್ಮದನ್ನ ಬರೆದು ಕೊಟ್ಟೀನಿ.

ಜೈ ಭೀಮ್.