ಕೋಗಿಲೆಯೊಂದೇ ಸಾಕೆ?

ಸಂಗೀತ ಕಚೇರಿಗಳಲ್ಲಿ ವಂದನಾರ್ಪಣೆಯ ಹೊತ್ತಿಗೆ ಮೆಲ್ಲನೆ ಎದ್ದು ಹೊರಡುವುದನ್ನು ನಾನು ರೂಢಿಸಿಕೊಂಡಿದ್ದೇನೆ. ಹಾಡಿದಾಕೆ ಯಾರೇ ಆಗಿರಲಿ, ಆಕೆಗೆ ‘ಗಾನಕೋಗಿಲೆ’ ಎಂಬ ಬಿರುದು ಬಿದ್ದೇ ಬೀಳುತ್ತದೆ. ಮಾವಿನ ತೋಪಿನಲ್ಲಿ ಕುಹೂ ಎನ್ನುವುದು ಗಂಡು ಕೋಗಿಲೆ; ಮೈತುಂಬ ಚುಕ್ಕೆಗಳುಳ್ಳ ಕಂದುಬಣ್ಣದ ಹೆಣ್ಣಿಗೆ ಬರುವುದು ಕಿಕ್ ಕಿಕ್ ಎಂಬ ಚೀರಾಟವಷ್ಟೆ. ಬಿರುದು ದಯಪಾಲಿಸುವ ಮಹನೀಯರು ಇದನ್ನು ಒಮ್ಮೆಯಾದರೂ ಕಣ್ಣಿಟ್ಟು ನೋಡಿದ್ದರೆ ಆಕೆಗೆ ಇಷ್ಟು ಅನ್ಯಾಯ ಮಾಡುತ್ತಿರಲಿಲ್ಲ.

ಬಿರುದಿನ ಮಾತು ಹಾಗಿರಲಿ. ನನ್ನ ದೂರು ಇನ್ನೂ ದೊಡ್ಡದು. ಹಾಡುವ ಹಕ್ಕಿಯೆಂದರೆ ನಮ್ಮ ವಿದ್ಯಾವಂತನ ಬಾಯಿಗೆ ಬರುವುದು ಕೋಗಿಲೆ. ಅದು ಬಿಟ್ಟರೆ ಗಿಣಿ. ಪಕ್ಷಿಶಾಸ್ತ್ರಜ್ಞರು ಹಾಡುಹಕ್ಕಿಗಳೆಂದು ಕರೆಯುವ ಪಂಗಡದಲ್ಲಿ ಇವೆರಡಕ್ಕೂ ಸ್ಥಳವಿಲ್ಲ. 1963ರಲ್ಲಿ ರಾಷ್ಟ್ರಪಕ್ಷಿಯಾದ ನವಿಲಿಗೂ ಇಲ್ಲ, ನಮ್ಮ ರಾಜ್ಯಪಕ್ಷಿಯಾದ ನೀಲಕಂಠಕ್ಕೂ ಇಲ್ಲ. ಆ ಪಂಕ್ತಿಯಲ್ಲಿ ಧಾರಾಳವಾಗಿ ಕುಳಿತುಕೊಳ್ಳುವುದು, ಕೋಗಿಲೆಯ ಮರಿಯನ್ನು ಸಾಕಿ ಲೋಕದ ಬೈಗುಳವನ್ನೆಲ್ಲ ತಿನ್ನುವ ಕಾಗೆ!

ವಾಚಕರು ನಗಬಾರದು, ಇದು ಇಂಪಿನ ಲೆಕ್ಕವಲ್ಲ, ಗಂಟಲಿನ ಲೆಕ್ಕ. ಶ್ವಾಸನಾಳವು ಎರಡಾಗಿ ಕವಲೊಡೆಯುವೆಡೆಯಲ್ಲಿ ಹಕ್ಕಿಯ ಧ್ವನಿಪೆಟ್ಟಿಗೆ ಇರುತ್ತದೆ. ಹಾಡುಹಕ್ಕಿಗಳಲ್ಲಿ ಅದನ್ನು ಆಡಿಸುವ ಸ್ನಾಯುಗಳು ಹಲವು ಜೊತೆ. ಎರಡು ಕವಲುಗಳಿಂದ ಒಂದೇ ಕಾಲಕ್ಕೆ ಎರಡು ಬೇರೆ ಸ್ವರಗಳನ್ನು ಹೊರಡಿಸಬಲ್ಲವೂ ಇವುಗಳಲ್ಲುಂಟು. ಜಗತ್ತಿನ ಸುಮಾರು 11,000 ಜಾತಿಯ ಹಕ್ಕಿಗಳಲ್ಲಿ ಸುಮಾರು 5,000, ಎಂದರೆ ಹತ್ತಿರ ಹತ್ತಿರ ಅರ್ಧದಷ್ಟು, ಈ ಪಂಗಡದವು. ಮೇಲಾಗಿ ಇವು ಹಾಡನ್ನು ಕಲಿಯಬೇಕು. ಕಾಗೆಯ ಗೂಡಿನಲ್ಲಿ ಬೆಳೆದರೂ ಕೋಗಿಲೆಯ ಮರಿ ಕುಹೂ ಎನ್ನುತ್ತದೆ, ಅದು ಹುಟ್ಟುವಿದ್ಯೆ. ಹಾಡುಹಕ್ಕಿಗೆ ಹಾಗಲ್ಲ. 1950ರ ದಶಕದಲ್ಲಿ ಕೇಂಬ್ರಿಜ್ಜಿನ ವಿಲಿಯಂ ಥಾರ್ಪ್ ಅವರು ಚಾಫಿಂಚ್ ಎಂಬ ಹಕ್ಕಿಯ ಮರಿಗಳನ್ನು ಹಿರಿಯ ಹಕ್ಕಿಗಳ ದನಿ ಕಿವಿಗೆ ಬೀಳದಂತೆ ಸಾಕಿದಾಗ ಅವಕ್ಕೆ ಒಲಿದದ್ದು ಅರೆಬರೆ ಹಾಡು ಮಾತ್ರ. ಕ್ಯಾಲಿಫೋರ್ನಿಯದ ಬಿಳಿನೆತ್ತಿಯ ಒಂದು ಗುಬ್ಬಿಯಲ್ಲಂತೂ ನೆರೆಹೊರೆಯ ಸೀಮೆಗಳಿಗೆ ಬೇರೆ ಬೇರೆ ಉಪಭಾಷೆಗಳುಂಟು, ಧಾರವಾಡದ ಕನ್ನಡ ಬೇರೆ ಮೈಸೂರಿನ ಕನ್ನಡ ಬೇರೆ ಎಂಬಂತೆ.

ನಮ್ಮ ನಾಡಿಗೇನು ಇವುಗಳ ಬಡತನವೆ? ಬೇಸಗೆಯ ನಸುಕಿನಲ್ಲಿ ಪಟ್ಟಣದ ನಡುವೆಯೂ ತಂತಿಯ ಮೇಲೆ ಕುಳಿತು ರಾಗ ಬಿಡಿಸಿದಂತೆ ಹಾಡುವ ಕಪ್ಪುಬಿಳುಪಿನ ಮಡಿವಾಳ. ಹೆಬ್ಬೆರಳಷ್ಟೇ ಮೈ, ಬೀದಿಗೆಲ್ಲ ಕೇಳುವ ಗಂಟಲುಳ್ಳ ಸಿಂಪಿಗ. ದಾಸವಾಳದ ಗಿಡದಲ್ಲಿ ಚಿಲಿಪಿಲಿಗುಟ್ಟುವ ಸೂರಕ್ಕಿ. ಗುಂಪುಗೂಡಿ ಜಗಳವಾಡುವ ಹರಟೆಮಲ್ಲಗಳ ಹೆಸರು ನಮ್ಮ ಕೆಲವು ಸಭೆಗಳಿಗೂ ಒಪ್ಪುತ್ತದೆ. ಬಯಲುಸೀಮೆಯ ನೆಲಗುಬ್ಬಿ ಹೆಂಟೆಗಳ ನಡುವೆ ಕಣ್ಣಿಗೆ ಬೀಳದು. ಒಮ್ಮೆ ಮೇಲಕ್ಕೆ ಹಾರಿತೆಂದರೆ ರೆಕ್ಕೆ ಮುದುಡಿ, ಸಿಳ್ಳೆ ಹಾಕುತ್ತ ಕಲ್ಲಿನಂತೆ ಇಳಿಯುತ್ತದೆ. ಮಲೆನಾಡಿನಲ್ಲಿ ಬಾಲದಿಂದ ಎರಡು ತಂತಿಗರಿಗಳನ್ನು ಇಳಿಬಿಟ್ಟ ಕಾಜಾಣ ಹತ್ತು ಹಕ್ಕಿಗಳ ದನಿಯನ್ನು ಅಣಕಿಸುತ್ತದೆ. ಅಲ್ಲಿಯ ಹಳ್ಳದ ಬಂಡೆಗಳ ಮೇಲಿನ ನೀಲಿಗಪ್ಪು ಸಿಳ್ಳಾರದ ಹಾಡು ಗುರಿಯಿಲ್ಲದೆ ಅಲೆಯುವ ಹುಡುಗನ ಸಿಳ್ಳೆಯಂತಿರುವುದರಿಂದ ಇಂಗ್ಲಿಷಿನವರು ಅದಕ್ಕೆ ‘ಸಿಳ್ಳೆ ಹಾಕುವ ಶಾಲೆಯ ಹುಡುಗ’ ಎಂದೇ ಅಡ್ಡಹೆಸರಿಟ್ಟರು. ಸಿಳ್ಳಾರವೆಂಬ ನಮ್ಮ ಪದ ಎಷ್ಟು ಚಿಕ್ಕದು, ಎಷ್ಟು ಚೊಕ್ಕ!

ಈ ಪದಗಳಿಗೆ ನಾವು, ಎಂದರೆ ಕನ್ನಡದ ಅಧ್ಯಾಪಕರು ಮತ್ತು ಪಠ್ಯಸಂಪಾದಕರು, ಮಾಡಿರುವುದೇನು? ಪಾಠದ ಕೊನೆಯ ಶಬ್ದಾರ್ಥದ ಪಟ್ಟಿಯನ್ನು ತೆಗೆದು ನೋಡಿ. ‘ಕಾಜಾಣ: ಒಂದು ಜಾತಿಯ ಪಕ್ಷಿ.’ ‘ಮಡಿವಾಳ: ಒಂದು ಬಗೆಯ ಹಕ್ಕಿ.’ ಇದು ಅರ್ಥವೆ? ಪಂಪನನ್ನು ‘ಒಬ್ಬ ಮನುಷ್ಯ’ ಎಂದು ವಿವರಿಸಿದ ವಿದ್ಯಾರ್ಥಿಗೆ ನಾವು ಎಷ್ಟು ಅಂಕ ಕೊಡುತ್ತೇವೆ?

ಈ ಪಾಪದಲ್ಲಿ ನನ್ನ ಪಾಲೂ ಇದೆ. ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ‘ಪಿಕಳಾರ’ ಎಂಬ ಮಾತು ಬಂತು. ಪಿಕವೆಂದರೆ ಕೋಗಿಲೆ, ಆದುದರಿಂದ ಪಿಕಳಾರವೂ ಕೋಗಿಲೆಯ ಒಂದು ಭೇದವೆಂದು ಎಂ.ಎ. ಪದವಿಯ ಧೈರ್ಯದಿಂದ ಹೇಳಿಬಿಟ್ಟೆ. ಮಕ್ಕಳು ಬರೆದುಕೊಂಡರು. ತೀರ್ಥಹಳ್ಳಿಯ ಕಡೆಯ ಹುಡುಗನೊಬ್ಬ ಮಾತ್ರ ಬರೆಯದೆ ಕಿಟಕಿಯ ಕಡೆ ನೋಡುತ್ತಿದ್ದ. ಗದರಿಸಿದೆ. “ಸಾರ್, ಪಿಕಳಾರ ಅಲ್ಲೇ ಕೂತದೆ” ಎಂದ. ಹೊರಗೆ ಲಂಟಾನದ ಪೊದೆಯ ಮೇಲೆ ಕರಿಜುಟ್ಟಿನ, ಕೆನ್ನೆಯ ಮೇಲೆ ಕೆಂಪು ಬೊಟ್ಟಿನ, ಬಾಲದ ಬುಡದಲ್ಲಿಯೂ ಕೆಂಪಿನ ಪುಟ್ಟ ಹಕ್ಕಿ ಹಣ್ಣು ಕುಕ್ಕುತ್ತಿತ್ತು. ಹತ್ತು ವರ್ಷಗಳಿಂದ ಅದೇ ಕೊಠಡಿಯಲ್ಲಿ ನಾನು ಪಾಠ ಹೇಳುತ್ತಿದ್ದೆ.

ಕಾವ್ಯವೇನು ಪ್ರಾಣಿಶಾಸ್ತ್ರವೆ ಎಂದು ಮಿತ್ರರೊಬ್ಬರು ಕೇಳಿದರು. ಅಲ್ಲ. ಚಕೋರ ಬೆಳದಿಂಗಳನ್ನು ಕುಡಿಯಲಿ, ಹಂಸ ಹಾಲನ್ನೂ ನೀರನ್ನೂ ಬೇರ್ಪಡಿಸಲಿ, ನನ್ನ ತಕರಾರಿಲ್ಲ. ಬನವಾಸಿಯಲ್ಲಿ ಕೋಗಿಲೆಯಾಗಿ ಹುಟ್ಟಬಯಸಿದ ಪಂಪನನ್ನು ತಿದ್ದುವ ಉದ್ಧಟತನವೂ ನನಗಿಲ್ಲ. ಆದರೆ ಪಂಪನದು ಬಯಕೆ. ನಮ್ಮ ಇಂದಿನ ಭಾವಗೀತೆಗಳ ಕೋಗಿಲೆ ಬರಿಯ ಸೋಮಾರಿತನ. ಕಿವಿಯಿಂದ ಬಂದದ್ದಲ್ಲ, ಹಳೆಯ ಪುಸ್ತಕದಿಂದ ಬಂದದ್ದು. ಕಿವಿಯಿದ್ದವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ‘ಪಕ್ಷಿಕಾಶಿ’ಯ ಕುವೆಂಪು ಕಾಜಾಣ, ಪಿಕಳಾರಗಳನ್ನು ಹೆಸರು ಹಿಡಿದು ಕರೆದರು, ‘ಕನ್ನಡ ನಾಡಿನ ಹಕ್ಕಿಗಳು’ ಬರೆದ ತೇಜಸ್ವಿ ಆ ಹೆಸರುಗಳಿಗೆ ಮೈ, ಬಣ್ಣ, ವಿಳಾಸಗಳನ್ನು ಕೊಟ್ಟರು. ಅಷ್ಟಾದ ಮೇಲೂ ‘ಒಂದು ಜಾತಿಯ ಪಕ್ಷಿ’ ಎಂದು ಬರೆಯುವವರಿಗೆ ಯಾವ ನೆಪ ಉಳಿದಿದೆ?

ಪಠ್ಯಪುಸ್ತಕ ಸಂಪಾದಿಸುವವರಲ್ಲಿ ನನ್ನದೊಂದೇ ಕೇಳಿಕೆ. ಶಬ್ದಾರ್ಥದಲ್ಲಿ ಒಂದು ಸಾಲು ಹೆಚ್ಚು ಬರೆಯಿರಿ: ಹಕ್ಕಿಯ ಬಣ್ಣವೇನು, ಎಲ್ಲಿ ಕೂರುತ್ತದೆ, ಹೇಗೆ ಹಾಡುತ್ತದೆ. ಪುಟ ಸಾಲದೆಂದರೆ ನನ್ನಂಥವರ ಪೀಠಿಕೆಗಳನ್ನು ಕತ್ತರಿಸಿ. ಗೊತ್ತಿಲ್ಲದಿದ್ದರೆ ಊರುಗಳಿಗೆ ಹೋಗಿ ಕೇಳಿ, ಆದರೆ ಬೇಗ ಕೇಳಿ. ಪಿಕಳಾರವನ್ನು ತೋರಿಸಿದ ಆ ಹುಡುಗನಿಗೆ ಹೆಸರುಗಳನ್ನು ಹೇಳಿಕೊಟ್ಟವರು ಅವನ ಅಜ್ಜ. ನಲವತ್ತು ಹಕ್ಕಿಗಳನ್ನು ದನಿಯಿಂದಲೇ ಗುರುತಿಸುತ್ತಿದ್ದರಂತೆ. ಹುಡುಗನಿಗೆ ಬರುವುದು ಹನ್ನೆರಡು.